ತಲೆ ಕಡಿದವರೇ ಮರವನ್ನು ಅಪಾಯಕಾರಿ ಎಂದಾಗ

ಮಾಟುಂಗಾದ ನಮ್ಮ ಹೌಸಿಂಗ್ ಸೊಸೈಟಿಯ ಸೂಚನಾ ಫಲಕದಲ್ಲಿ ಕಳೆದ ವಾರ ಒಂದು ಕಾಗದ ಅಂಟಿಸಿದ್ದಾರೆ. ಭಾನುವಾರದ ವಿಶೇಷ ಸಭೆಗೆ ಮೂರು ವಿಷಯಗಳು: ನೀರಿನ ಟ್ಯಾಂಕಿನ ದುರಸ್ತಿ, ಕಾವಲುಗಾರನ ಸಂಬಳ, ಮತ್ತು ‘ಕಾಂಪೌಂಡಿನಲ್ಲಿರುವ ಅಪಾಯಕಾರಿ ಮರವನ್ನು ತೆಗೆಸುವ ಬಗ್ಗೆ’. ಮರವೆಂದರೆ ಒಂದು ಮಳೆಮರ. ನಮ್ಮ ಮೂರು ಮಹಡಿಯ ಕಟ್ಟಡಕ್ಕಿಂತ ಅದು ಹಳೆಯದು ಎಂದು ಕೆಳಗಿನ ಮನೆಯ ಹಿರಿಯರು ಹೇಳುತ್ತಾರೆ. ‘ಅಪಾಯಕಾರಿ’ ಎಂಬ ವಿಶೇಷಣ ನನ್ನನ್ನು ಚುಚ್ಚುತ್ತಿರುವುದಕ್ಕೆ ಕಾರಣವಿದೆ. ನಾಲ್ಕು ವರ್ಷಗಳ ಹಿಂದೆ ಆ ಮರಕ್ಕೆ ಅದು ಸಲ್ಲುತ್ತಿರಲಿಲ್ಲ. ಅದನ್ನು ಅಪಾಯಕಾರಿ ಮಾಡಿದವರು ನಾವು. ಆ ಕೆಲಸಕ್ಕೆ ಬೇಕಾದ ಅರ್ಜಿಯನ್ನು ಬರೆದುಕೊಟ್ಟವನು ನಾನೇ.

ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷ ಟಿಪ್ಪಣಿ ಬರೆದವನಿಗೆ ಸೊಸೈಟಿಗಳಲ್ಲಿ ಒಂದು ಬಗೆಯ ಮರ್ಯಾದೆ ಇರುತ್ತದೆ. ಎಲ್ಲರ ಅರ್ಜಿಗಳೂ ಅವನ ಕೈಯಿಂದಲೇ ಆಗಬೇಕು. 2021ರ ಮೇ 17ರಂದು ತೌಕ್ತೆ ಚಂಡಮಾರುತ ಮುಂಬಯಿಯನ್ನು ಸವರಿಕೊಂಡು ಹೋದಾಗ ನಗರದಲ್ಲಿ ನೂರಾರು ಮರಗಳು ಉರುಳಿದವು. ನಮ್ಮ ಮಳೆಮರದಿಂದ ಬಿದ್ದದ್ದು ಒಣಗಿದ ಎರಡು ರೆಂಬೆ ಮಾತ್ರ. ಆದರೆ ಭಯಕ್ಕೆ ಲೆಕ್ಕ ಬೇಕಾಗಿಲ್ಲ. ಮರುವರ್ಷದ ಮಳೆಗಾಲಕ್ಕೆ ಮೊದಲು ‘ಒಣಗಿದ ಮತ್ತು ಕಟ್ಟಡಕ್ಕೆ ತಾಗುವ ಕೊಂಬೆಗಳನ್ನು ಸವರಲು’ ಅನುಮತಿ ಕೇಳಿ ಬರೆದೆ. ಅನುಮತಿ ಬಂತು. ಗುತ್ತಿಗೆದಾರ ಬಂದ. ಸಂಜೆ ಕಚೇರಿಯಿಂದ ಹಿಂದಿರುಗಿದಾಗ ಗೇಟಿನ ಬಳಿ ನಾನು ನಿಂತುಬಿಟ್ಟೆ: ಕೊಡೆಯಂತೆ ಹರಡಿದ್ದ ಮರದ ಜಾಗದಲ್ಲಿ ಆರು ಮೊಂಡು ತೋಳುಗಳು ಆಕಾಶಕ್ಕೆ ನೆಟ್ಟುಕೊಂಡಿದ್ದವು. ಕಡಿದ ತುದಿಗಳಿಗೆ ಡಾಂಬರು, ಬುಡಕ್ಕೆ ಸುಣ್ಣ ಮತ್ತು ಕೆಮ್ಮಣ್ಣಿನ ಪಟ್ಟಿ. ಕಾರ್ಯದರ್ಶಿಗಳು ಸಂತೋಷದಿಂದ, ಇನ್ನು ಐದು ವರ್ಷ ತೊಂದರೆಯಿಲ್ಲ ಎಂದರು. ನಾನು ತಲೆಯಾಡಿಸಿದೆ.

ಮರಕ್ಕೆ ಆದದ್ದೇನು ಎಂಬುದನ್ನು ಆಮೇಲೆ ಓದಿ ತಿಳಿದುಕೊಂಡೆ. ಮರದ ಗಾಯ ನಮ್ಮ ಗಾಯದಂತಲ್ಲ. ನಮ್ಮ ಚರ್ಮ ಹೊಸದಾಗಿ ಹುಟ್ಟಿ ಗಾಯ ಮಾಯುತ್ತದೆ; ಮರ ತನ್ನ ಗಾಯವನ್ನು ಮಾಯಿಸಿಕೊಳ್ಳುವುದಿಲ್ಲ, ಒಳಗಿನಿಂದ ಗೋಡೆ ಕಟ್ಟಿ ಅದನ್ನು ಬೇರ್ಪಡಿಸುತ್ತದೆ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೊ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ ಇದನ್ನು ತೋರಿಸಿಕೊಟ್ಟ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಒಂದು ಉಬ್ಬು ಇರುತ್ತದೆ. ಗೋಡೆ ಕಟ್ಟುವ ಶಕ್ತಿ ಇರುವುದು ಅಲ್ಲಿ. ಆ ಉಬ್ಬನ್ನು ಉಳಿಸಿ, ಅದರ ಹೊರಗೆ ಕತ್ತರಿಸಿದರೆ ಮರ ಗಾಯವನ್ನು ಮುಚ್ಚಿಕೊಳ್ಳಬಲ್ಲದು. ಕಾಂಡಕ್ಕೆ ಸಪಾಟಾಗಿ ಕತ್ತರಿಸಿದರೆ ಆ ಶಕ್ತಿಯನ್ನೇ ಕಿತ್ತಂತೆ. ಕೊಂಬೆಯ ನಡುವಿನಲ್ಲಿ ಎಲ್ಲೆಂದರಲ್ಲಿ ಕಡಿದರೆ ಆ ಮೊಂಡಿನೊಳಗೆ ಕೊಳೆ ಇಳಿಯುತ್ತದೆ. ಡಾಂಬರು ಅದನ್ನು ತಡೆಯುವುದಿಲ್ಲ, ನಮ್ಮ ಕಣ್ಣಿಗೆ ಸಮಾಧಾನ ಕೊಡುತ್ತದೆ ಅಷ್ಟೆ.

ಇನ್ನೂ ಕೆಟ್ಟದ್ದು ಅನಂತರದ ಕಥೆ. ಎಲೆಯೆಲ್ಲ ಹೋದ ಮರಕ್ಕೆ ಅದು ಊಟ ಹೋದ ಹಾಗೆ. ಅದು ಗಾಬರಿಯಿಂದ, ಕೂಡಿಟ್ಟ ಆಹಾರವನ್ನೆಲ್ಲ ಖರ್ಚು ಮಾಡಿ, ಮೊಂಡುಗಳ ಸುತ್ತ ಗೊಂಚಲು ಗೊಂಚಲಾಗಿ ಚಿಗುರು ಹೊಡೆಯುತ್ತದೆ. ನಾವು ಮರ ಮತ್ತೆ ಚಿಗುರಿತು ಎಂದು ಫೋಟೋ ತೆಗೆಯುತ್ತೇವೆ. ಸಹಜವಾಗಿ ಬೆಳೆದ ಕೊಂಬೆ ವರ್ಷ ವರ್ಷಕ್ಕೂ ಕಾಂಡದೊಡನೆ ಹೆಣೆದುಕೊಳ್ಳುತ್ತ ಬರುತ್ತದೆ. ಈ ಅವಸರದ ಚಿಗುರುಗಳು ತೊಗಟೆಯ ಕೆಳಗಿನಿಂದಲೇ ಎದ್ದವು. ಒಳಗೆ ಕೊಳೆಯುತ್ತಿರುವ ಮೊಂಡಿಗೆ ಮೇಲೆ ಮೇಲೆ ಅಂಟಿಕೊಂಡಂತೆ ಇರುತ್ತವೆ. ಮೂರು ನಾಲ್ಕು ವರ್ಷಗಳಲ್ಲಿ ಅವು ತೊಡೆಗಾತ್ರವಾಗುತ್ತವೆ, ಆಧಾರ ಮಾತ್ರ ಗಟ್ಟಿಯಾಗಿರುವುದಿಲ್ಲ. ಕಳೆದ ಜುಲೈಯಲ್ಲಿ ನಮ್ಮ ಮರದಿಂದ ಕಳಚಿ ಬಿದ್ದದ್ದು ಇಂಥದೇ ಒಂದು. ಗೇಟಿನ ಹೊರಗೆ ನಿಂತಿದ್ದ ತರಕಾರಿಯ ಕೈಗಾಡಿ ನಜ್ಜುಗುಜ್ಜಾಯಿತು. ಗಾಡಿಯವನು ಎದುರಿನ ಅಂಗಡಿಗೆ ಚಹಾ ಕುಡಿಯಲು ಹೋಗಿದ್ದ. ಅವನು ಚಹಾ ಕುಡಿಯದವನಾಗಿದ್ದರೆ ಈ ಲೇಖನ ಬರೆಯುವ ಧೈರ್ಯ ನನಗೆ ಇರುತ್ತಿರಲಿಲ್ಲ.

ಆದ್ದರಿಂದ ‘ಜೀವಕ್ಕಿಂತ ಮರ ದೊಡ್ಡದೇ?’ ಎಂದು ಕೇಳುವವರನ್ನು ನಾನು ಹಗುರವಾಗಿ ಕಾಣುವುದಿಲ್ಲ. 2017ರಲ್ಲಿ ಚೆಂಬೂರಿನಲ್ಲಿ ಬೆಳಗಿನ ನಡಿಗೆಗೆ ಹೊರಟಿದ್ದ ಮಹಿಳೆಯೊಬ್ಬರು ತೆಂಗಿನ ಮರ ಮೈಮೇಲೆ ಬಿದ್ದು ತೀರಿಕೊಂಡರು. ಆ ದೃಶ್ಯವನ್ನು ಈ ನಗರ ಟೀವಿಯಲ್ಲಿ ನೋಡಿದೆ. ಅಂಥ ಸಾವಿಗೆ ಹಸಿರಿನ ಕವಿತೆ ಉತ್ತರವಲ್ಲ. ನನ್ನ ಜಗಳ ಭಯದ ಜತೆಗಲ್ಲ. ಭಯಕ್ಕೆ ಕೊಡಲಿಯೊಂದೇ ಔಷಧ ಎಂದು ನಂಬಿರುವ ನಮ್ಮ ಸೋಮಾರಿತನದ ಜತೆಗೆ.

ಎಂ.ಎ. ತರಗತಿಯಲ್ಲಿ ಥಾಮಸ್ ಹಾರ್ಡಿಯ ‘ದಿ ವುಡ್‌ಲ್ಯಾಂಡರ್ಸ್’ ಓದುವಾಗ ಜಾನ್ ಸೌತ್ ಎಂಬ ಮುದುಕನನ್ನು ಕಂಡು ನಕ್ಕಿದ್ದೆವು. ಮನೆಯೆದುರಿನ ಎಲ್ಮ್ ಮರ ತನ್ನ ಮೇಲೆ ಬಿದ್ದು ತನ್ನನ್ನು ಕೊಲ್ಲುತ್ತದೆ ಎಂಬ ಭ್ರಮೆ ಅವನಿಗೆ. ಮೊದಲು ಕೆಳಗಿನ ಕೊಂಬೆಗಳನ್ನು ಸವರಿಸುತ್ತಾರೆ, ಅವನ ಭಯ ಇಳಿಯುವುದಿಲ್ಲ. ಹೊಸದಾಗಿ ಬಂದ ವೈದ್ಯ ಮರವನ್ನೇ ಕಡಿಸುತ್ತಾನೆ. ಮರವಿಲ್ಲದ ಆಕಾಶ ಕಂಡ ಆಘಾತದಲ್ಲಿ ಮುದುಕ ಸಾಯುತ್ತಾನೆ. ಅವನ ಜೀವಿತಾವಧಿಯ ಮೇಲೆ ನಿಂತಿದ್ದ ಗೇಣಿಯ ಮನೆಗಳು ಗೈಲ್ಸನ ಕೈ ತಪ್ಪುತ್ತವೆ. ಕಾದಂಬರಿ ಬಂದದ್ದು 1887ರಲ್ಲಿ. ನಮ್ಮ ಸೊಸೈಟಿಯ ಸಭೆಯಲ್ಲಿ ಕುಳಿತಾಗ ನನಗೆ ಆ ವೈದ್ಯನ ನೆನಪಾಗುತ್ತದೆ. ರೋಗಿಯನ್ನೂ ಮರವನ್ನೂ ಎರಡನ್ನೂ ಪರೀಕ್ಷಿಸದೆ ಔಷಧಿ ಬರೆದವನು ಅವನು.

ನಮ್ಮಲ್ಲಿ ಪರೀಕ್ಷೆ ಎಂಬುದೇ ಇಲ್ಲ. ಲಿಫ್ಟಿಗೆ ವರ್ಷದ ನಿರ್ವಹಣಾ ಒಪ್ಪಂದ ಇದೆ, ನೀರಿನ ಪಂಪಿಗೆ ಇದೆ. ಹಳೆಯ ಕಟ್ಟಡವೆಂದು ಗೋಡೆ ತೊಲೆಗಳನ್ನು ಎಂಜಿನಿಯರ್ ಬಂದು ತಟ್ಟಿ ನೋಡುತ್ತಾರೆ. ಅದೇ ಕಟ್ಟಡಕ್ಕಿಂತ ಎತ್ತರವಾಗಿ, ಟನ್ನುಗಟ್ಟಲೆ ಭಾರ ಹೊತ್ತು ಮಕ್ಕಳು ಆಡುವ ಜಾಗದ ಮೇಲೆ ಚಾಚಿಕೊಂಡಿರುವ ಮರಕ್ಕೆ ಮಾತ್ರ ‘ಹತ್ತಬಲ್ಲವನು ಯಾರಾದರೂ ಇದ್ದಾನೆಯೇ’ ಎಂದು ಕೇಳುತ್ತೇವೆ. ಅಂದು ನಮ್ಮ ಮುಂದೆ ಎರಡು ದರಪಟ್ಟಿಗಳಿದ್ದವು. ಒಂದು 12,000 ರೂಪಾಯಿ. ಇನ್ನೊಂದು, ಮರಗಳ ಆರೈಕೆಯನ್ನೇ ಕಲಿತ ತಂಡದ್ದು, 38,000. ಸರ್ಕಾರಿ ಟೆಂಡರಿನಲ್ಲಿ ‘ಎಲ್-ಒನ್’ ಎಂದು ಕರೆಯುವ ಅತಿ ಕಡಿಮೆ ದರದ ನಿಯಮವನ್ನು ಆ ಸಭೆಯಲ್ಲಿ ವಿವರಿಸಿದವನೂ ನಾನೇ. ಪರಿಣತಿ ಬೇಕಾದ ಕೆಲಸಕ್ಕೆ ಗುಣಮಟ್ಟವನ್ನೂ ತೂಗಿ ನೋಡಲು ಸರ್ಕಾರದ ಹಣಕಾಸು ನಿಯಮಗಳೇ ಅವಕಾಶ ಕೊಡುತ್ತವೆ ಎಂಬುದು ನನಗೆ ಗೊತ್ತಿತ್ತು. ಮರವೊಂದು ಪರಿಣತಿ ಬೇಕಾದ ಕೆಲಸ ಎಂದು ಅಂದು ನನಗೆ ಹೊಳೆಯಲಿಲ್ಲ.

ಇಲ್ಲಿ ಕೊಡಲಿ ಹಿಡಿದವನನ್ನು ಬೈಯುವುದು ಸುಲಭ. ಅಂದು ಮೇಲೆ ಹತ್ತಿದ್ದವನು ಹತ್ತೊಂಬತ್ತೋ ಇಪ್ಪತ್ತೋ ವಯಸ್ಸಿನ ಹುಡುಗ. ಬರಿಗಾಲು, ಸೊಂಟಕ್ಕೆ ಒಂದು ಸಾದಾ ಹಗ್ಗ, ತಲೆಗೆ ಏನೂ ಇಲ್ಲ. ಕಡಿದ ಕೊಂಬೆಯನ್ನು ಹಗ್ಗದಲ್ಲಿ ಇಳಿಸುವ ವ್ಯವಸ್ಥೆಯಿಲ್ಲದ್ದರಿಂದ ಪೂರ್ತಿ ಬೋಳಿಸುವುದೇ ಅವನಿಗೆ ಸುರಕ್ಷಿತವಾದ ದಾರಿಯಾಗಿತ್ತು. ಅವನು ಬಿದ್ದಿದ್ದರೆ ವಿಮೆ ಇರುತ್ತಿತ್ತೇ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಆ 12,000ದ ಅಗ್ಗದಲ್ಲಿ ಅವನ ಪ್ರಾಣದ ಬೆಲೆಯೂ ಕಳೆದುಹೋಗಿತ್ತು.

ಕಾನೂನು ಇಲ್ಲವೆಂದಲ್ಲ. ಮಹಾರಾಷ್ಟ್ರದ ನಗರ ಪ್ರದೇಶಗಳಿಗೆ 1975ರಿಂದಲೂ ವೃಕ್ಷ ಸಂರಕ್ಷಣಾ ಕಾಯ್ದೆಯಿದೆ. ಮರ ಕಡಿಯುವುದು ಎಂಬ ಮಾತಿಗೆ ಅದು ಕೊಡುವ ಅರ್ಥದಲ್ಲಿ ಮರಕ್ಕೆ ಯಾವುದೇ ರೀತಿಯಲ್ಲಿ ಹಾನಿ ಮಾಡುವುದೂ ಸೇರಿದೆ. 2021ರ ತಿದ್ದುಪಡಿ ಐವತ್ತು ವರ್ಷ ದಾಟಿದ ಮರಗಳನ್ನು ಪಾರಂಪರಿಕ ವೃಕ್ಷಗಳೆಂದು ಕರೆದಿದೆ. ಆದರೆ ಕಾನೂನಿಗೆ ಸಿಗದ ಒಂದು ಪದ ನಮ್ಮ ಬಳಿ ಇದೆ: ‘ಟ್ರಿಮ್ಮಿಂಗ್’. ಕ್ಷೌರದಂಗಡಿಯಿಂದ ಬಂದ ಈ ಪದದ ಮರೆಯಲ್ಲಿ ಎಂಥ ಶಿರಚ್ಛೇದವೂ ಸಾಗುತ್ತದೆ. ದೆಹಲಿಯಲ್ಲಿ ಮರದ ಬುಡದ ಸುತ್ತ ಒಂದು ಮೀಟರಿನಷ್ಟು ಜಾಗದ ಕಾಂಕ್ರೀಟನ್ನು ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಆದೇಶಿಸಿತು. ನಮ್ಮ ಕಾಂಪೌಂಡಿನಲ್ಲಿ ಪೇವರ್ ಬ್ಲಾಕುಗಳು ಕಾಂಡಕ್ಕೆ ಒತ್ತಿಕೊಂಡೇ ಇವೆ. ಮೇಲೆ ಊಟ ಕಿತ್ತುಕೊಂಡೆವು, ಕೆಳಗೆ ಉಸಿರು ಕಟ್ಟಿದೆವು. ಇಷ್ಟಾದ ಮೇಲೆ ಮರ ಬಲಹೀನವಾಗಿದೆ ಎಂದು ಠರಾವು ಮಾಡಲು ಹೊರಟಿದ್ದೇವೆ.

ನಮ್ಮವರಿಗೆ, ಅಂದರೆ ಊರು ಬಿಟ್ಟು ಬಂದು ಇಲ್ಲಿ ಕನ್ನಡದ ಸಂಘ ಕಟ್ಟಿಕೊಂಡಿರುವವರಿಗೆ, ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು. ನಮ್ಮ ಸಭೆಗಳಲ್ಲಿ 1983ರ ಅಪ್ಪಿಕೋ ಚಳವಳಿಯ ಬಗ್ಗೆ ಭಾಷಣವಾಗುತ್ತದೆ, ಕಣ್ಣು ಒದ್ದೆಯಾಗುತ್ತದೆ. ಸಾಲುಮರದ ತಿಮ್ಮಕ್ಕನ ಹೆಸರು ಹೇಳದ ಪರಿಸರ ದಿನವಿಲ್ಲ. ಆದರೆ ತಿಮ್ಮಕ್ಕನ ಬಗ್ಗೆ ನಮಗೆ ನೆನಪಿರುವುದು ಎಷ್ಟು ಮರ ಎಂಬ ಸಂಖ್ಯೆ. ಹುಲಿಕಲ್ ಮತ್ತು ಕುದೂರಿನ ನಡುವಿನ ದಾರಿಗೆ ಆಕೆ ಮತ್ತು ಆಕೆಯ ಗಂಡ ನೀರು ಹೊತ್ತದ್ದು, ದನ ತಿನ್ನದಂತೆ ಮುಳ್ಳು ಕಟ್ಟಿದ್ದು, ವರ್ಷಗಟ್ಟಲೆ ಆ ಸಸಿಗಳ ಹಿಂದೆ ನಡೆದದ್ದು ನಮ್ಮ ಭಾಷಣಗಳಲ್ಲಿ ಒಂದು ಸಾಲಿನಲ್ಲಿ ಮುಗಿಯುತ್ತದೆ. ನೆಡುವುದಕ್ಕೆ ಫೋಟೋ ಇದೆ, ಆರೈಕೆಗೆ ಇಲ್ಲ.

ನಾನು ಶಿರಸಿ ಕಡೆಯವನು. ನಮ್ಮ ಅಡಿಕೆ ತೋಟಕ್ಕೆ ಹಾಸುವ ಸೊಪ್ಪು ಬರುತ್ತಿದ್ದುದು ಸೊಪ್ಪಿನ ಬೆಟ್ಟದಿಂದ. ಅಲ್ಲಿಯೂ ಮರ ಸವರುತ್ತಿದ್ದರು, ವರ್ಷ ವರ್ಷವೂ ಸವರುತ್ತಿದ್ದರು. ಆದರೆ ಅಜ್ಜ ಬೆಟ್ಟಕ್ಕೆ ಹೊರಟಾಗಲೆಲ್ಲ ಸೊಪ್ಪು ಕಡಿಯುವವರಿಗೆ ಹೇಳುತ್ತಿದ್ದುದು ಒಂದೇ ಮಾತು: ತುದಿಗೆ ಕತ್ತಿ ತಾಗಿಸಬೇಡಿ. ಪಕ್ಕದ ಕೊಂಬೆಯ ಸೊಪ್ಪು ನಮಗೆ, ನೆತ್ತಿ ಮರಕ್ಕೆ. ತುದಿ ಕಡಿದ ಮರ ಮುಂದಿನ ವರ್ಷ ಸೊಪ್ಪು ಕೊಡುವುದಿಲ್ಲ ಎಂಬುದು ಅವರಿಗೆ ಶೈಗೊ ಹೇಳಿ ಗೊತ್ತಾದದ್ದಲ್ಲ. ಲಾಭದ ಲೆಕ್ಕದಿಂದಲೇ ಗೊತ್ತಿತ್ತು. ಆ ಬೆಟ್ಟದ ಸೊಪ್ಪಿನಿಂದ ಬೆಳೆದ ಅಡಿಕೆಯ ದುಡ್ಡಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿದ ಮೊಮ್ಮಗ, ಮಾಟುಂಗಾದಲ್ಲಿ ನೆತ್ತಿ ಕಡಿಯುವ ಕಾಗದಕ್ಕೆ ಒಳ್ಳೆಯ ಭಾಷೆ ಒದಗಿಸಿದ.

ಮಳೆಮರ ಪರದೇಶದ್ದು, ಹೋದರೆ ಹೋಗಲಿ ಎನ್ನುವವರೂ ಇದ್ದಾರೆ. ನಿಜ, ಅದರ ತವರು ಮಧ್ಯ ಮತ್ತು ದಕ್ಷಿಣ ಅಮೆರಿಕ. ಮಾಟುಂಗಾದಲ್ಲಿ ಕುಳಿತು ಕನ್ನಡದಲ್ಲಿ ಈ ಮಾತು ಆಡುವವರು ಸ್ವಲ್ಪ ಯೋಚಿಸಿ ಆಡಬೇಕು. ಹಿಟ್ಟು ತಿಗಣೆಯ ಹಾವಳಿಗೆ ಈ ನಗರದಲ್ಲಿ ಎಷ್ಟೋ ಮಳೆಮರಗಳು ನಿಂತಲ್ಲೇ ಒಣಗಿಹೋದವು. ಉಳಿದವನ್ನು ಕಾಯಿಲೆಗಿಂತ ಮೊದಲು ನಾವೇ ಮುಗಿಸಬೇಕಾಗಿಲ್ಲ.

ಹಾಗಾದರೆ ನಾನು ಕೇಳುತ್ತಿರುವುದೇನು? ಪವಾಡವನ್ನಲ್ಲ. ಕಲಿತ ಒಬ್ಬರು ಬಂದು ಮರವನ್ನು ಬುಡದಿಂದ ತುದಿಯವರೆಗೆ ನೋಡಲಿ. ಬುಡದಲ್ಲಿ ಅಣಬೆ ಎದ್ದಿದೆಯೇ, ಕಾಂಡ ತಟ್ಟಿದರೆ ಟೊಳ್ಳು ಸದ್ದು ಬರುತ್ತದೆಯೇ, ಯಾವ ಮೊಂಡಿನಲ್ಲಿ ಕೊಳೆ ಎಷ್ಟು ಆಳಕ್ಕೆ ಇಳಿದಿದೆ ಎಂದು ಬರೆದು ಕೊಡಲಿ. ಗೊಂಚಲು ಚಿಗುರುಗಳಲ್ಲಿ ಗಟ್ಟಿಯಾದ ಒಂದೆರಡನ್ನು ಉಳಿಸಿ, ಉಳಿದವನ್ನು ಒಂದೇ ಸಲಕ್ಕಲ್ಲ, ಎರಡು ಮೂರು ವರ್ಷಗಳಲ್ಲಿ ತೆಗೆಯಲಿ. ದಪ್ಪ ಕೊಂಬೆಯನ್ನು ಕತ್ತರಿಸುವಾಗ ಮೊದಲು ಕೆಳಗಿನಿಂದ ಗೀರಿ, ಆಮೇಲೆ ಮೇಲಿನಿಂದ ಕೊಯ್ದು ಭಾರ ಇಳಿಸಿ, ಕೊನೆಗೆ ಉಬ್ಬಿನ ಹೊರಗೆ ಮೂರನೆಯ ಕೊಯ್ತ ಹಾಕಲಿ. ತೊಗಟೆ ಕಾಂಡದ ತನಕ ಸಿಗಿದು ಬರದಿರಲು ಇಷ್ಟೇ ಸಾಕು. ಪೇವರ್ ಬ್ಲಾಕುಗಳನ್ನು ಕಿತ್ತು ಮಣ್ಣು ಸಡಿಲಿಸಿ, ಉದುರಿದ ಎಲೆಯನ್ನು ಸುಡದೆ ಅಲ್ಲೇ ಹಾಸಲಿ. ಹತ್ತುವವನಿಗೆ ಹೆಲ್ಮೆಟ್ಟು, ಸರಿಯಾದ ಹಗ್ಗ, ವಿಮೆ ಇರಲಿ. ಇಷ್ಟೆಲ್ಲ ನೋಡಿದ ಮೇಲೂ ಮರ ನಿಲ್ಲುವುದಿಲ್ಲ ಎಂದು ಅವರು ಬರೆದುಕೊಟ್ಟರೆ, ತೆಗೆಸುವ ಅರ್ಜಿಗೆ ಮೊದಲ ಸಹಿ ನನ್ನದು.

ಕಾರ್ಯದರ್ಶಿಗಳು ಮೊನ್ನೆ ಮನೆಗೆ ಬಂದಿದ್ದರು. ಕಡಿಯಲು ಅನುಮತಿ ಕೇಳುವ ಪತ್ರವನ್ನು ಹಿಂದಿನ ಸಲದ ಹಾಗೆ ನಾನೇ ಬರೆದುಕೊಡಬೇಕೆಂದು ಅವರ ಬೇಡಿಕೆ. ಬರೆದು ಕೊಟ್ಟಿದ್ದೇನೆ, ಆದರೆ ಅದು ಬೇರೆ ಪತ್ರ: ಎರಡು ಪುಟ, 38,000 ಕೇಳಿದ್ದ ತಂಡದ ಈಗಿನ ದರಪಟ್ಟಿ, 2022ರ ನನ್ನ ಅರ್ಜಿಯ ಪ್ರತಿ, ಮತ್ತು ಮುರಿದ ಕೈಗಾಡಿಯ ಒಂದು ಫೋಟೋ. ಅವರು ಓದಿ, ಇದನ್ನು ಸಭೆಯಲ್ಲಿ ಇಡಬೇಕೇ ಎಂದು ಕೇಳಿದರು. ಇಡಬೇಕು ಎಂದೆ. ಸಭೆ ಭಾನುವಾರ ಬೆಳಿಗ್ಗೆ ಹತ್ತಕ್ಕೆ, ಆ ಮರದ ಕೆಳಗೇ. ಸೊಸೈಟಿಯಲ್ಲಿ ನೆರಳಿರುವ ಜಾಗ ಬೇರೆ ಇಲ್ಲ.