ಸಾಲದ ಬಡ್ಡಿಗಿರುವ ಕಾವಲು ಅನ್ನಕ್ಕೇಕಿಲ್ಲ?

ರಾಜ್ಯದ ಆಯವ್ಯಯದಲ್ಲಿ ಎರಡು ಬಗೆಯ ವೆಚ್ಚಗಳಿವೆ. ಒಂದು, ವಿಧಾನಸಭೆಯ ಮತಕ್ಕೆ ಬರುವಂಥದು. ಇನ್ನೊಂದು, ಮತಕ್ಕೆ ಹಾಕುವ ಅಗತ್ಯವೇ ಇಲ್ಲವೆಂದು ಸಂವಿಧಾನ ಬೇರ್ಪಡಿಸಿ, ನೇರವಾಗಿ ಸಂಚಿತ ನಿಧಿಯ ಮೇಲೆ ಹೊರಿಸಿರುವಂಥದು. ರಾಜ್ಯಪಾಲರ ವೇತನ, ಹೈಕೋರ್ಟ್ ನ್ಯಾಯಾಧೀಶರ ವೇತನ ಹಾಗೂ ಸರ್ಕಾರ ಮಾಡಿದ ಸಾಲದ ಬಡ್ಡಿ ಈ ಎರಡನೆಯ ಸಾಲಿನಲ್ಲಿವೆ. ಬರ ಬಂದರೂ, ಬೊಕ್ಕಸ ಬರಿದಾದರೂ ಬಡ್ಡಿ ತಪ್ಪುವುದಿಲ್ಲ. ಕತ್ತರಿ ಬೀಳುವುದು ಅಂಗನವಾಡಿಯ ಊಟಕ್ಕೆ, ಪ್ರಾಥಮಿಕ ಆರೋಗ್ಯ ಕೇಂದ್ರದ ಔಷಧಿಗೆ.

ಆಹಾರಕ್ಕೆ ಕಾನೂನು ಇದೆಯಲ್ಲ ಎಂದು ಅಧಿಕಾರಸ್ಥರು ಹೇಳುತ್ತಾರೆ. ಇದೆ, ನಿಜ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ ಆದ್ಯತಾ ಕುಟುಂಬದ ಪ್ರತಿಯೊಬ್ಬರಿಗೆ ತಿಂಗಳಿಗೆ 5 ಕೆಜಿ, ಅಂತ್ಯೋದಯ ಕುಟುಂಬಕ್ಕೆ 35 ಕೆಜಿ ಧಾನ್ಯವನ್ನು ಹಕ್ಕಾಗಿಸಿತು. ಆದರೆ ಕಾಗದದ ಹಕ್ಕನ್ನು ಆಯವ್ಯಯ ಹೇಗೆ ಮೊಟಕುಗೊಳಿಸುತ್ತದೆಂಬುದನ್ನು ಇದೇ ಕಾಯ್ದೆ ತೋರಿಸುತ್ತದೆ. ಗರ್ಭಿಣಿಗೆ, ಬಾಣಂತಿಗೆ 6000 ರೂಪಾಯಿಗೆ ಕಡಿಮೆಯಿಲ್ಲದ ನೆರವು ನೀಡಬೇಕೆಂದು ಕಾಯ್ದೆ ಹೇಳಿತು. 2017ರಲ್ಲಿ ಬಂದ ಮಾತೃವಂದನಾ ಯೋಜನೆ ಕೊಟ್ಟದ್ದು 5000, ಅದೂ ಮೊದಲ ಮಗುವಿಗೆ ಮಾತ್ರ. ಉಳಿದದ್ದು ಇನ್ನೊಂದು ಯೋಜನೆಯಿಂದ ಬರುತ್ತದೆಂಬ ಸಮಜಾಯಿಷಿಯೂ ಬಂತು. 2022ರ ಮಾರ್ಪಾಡು ಎರಡನೆಯ ಮಗುವಿಗೂ ನೆರವು ನೀಡಿತು, ಆದರೆ ಅದು ಹೆಣ್ಣಾಗಿದ್ದರೆ ಮಾತ್ರ. ಸಂಸತ್ತು ಹಾಕದ ಷರತ್ತುಗಳನ್ನು ಹಣ ಹಂಚುವ ಕೈ ಹಾಕಿತು.

ಇದು ಒಂದೇ ನಿದರ್ಶನವಲ್ಲ. 2015-16ರ ಕೇಂದ್ರ ಆಯವ್ಯಯದಲ್ಲಿ ಅಂಗನವಾಡಿಗಳನ್ನು ನಡೆಸುವ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಅನುದಾನವನ್ನು ಹಿಂದಿನ ವರ್ಷದ ಅಂದಾಜಿನ ಅರ್ಧಕ್ಕೂ ಕೆಳಗಿಳಿಸಲಾಯಿತು. ರಾಜ್ಯಗಳಿಗೆ ತೆರಿಗೆಯ ಪಾಲು ಹೆಚ್ಚಿದೆ, ಅವೇ ತುಂಬಿಕೊಳ್ಳಲಿ ಎಂಬುದು ವಾದ. ಇಲಾಖೆಯ ಸಚಿವೆ ಮೇನಕಾ ಗಾಂಧಿಯವರೇ ಬಹಿರಂಗವಾಗಿ ಅಸಮಾಧಾನ ವ್ಯಕ್ತಪಡಿಸಿದರು. ಆನಂತರ ಪೂರಕ ಅನುದಾನ ಬಂತು. ಸಚಿವರೇ ಗೋಗರೆಯಬೇಕಾದಲ್ಲಿ ಘಟ್ಟದ ಮೇಲಿನ ಹಳ್ಳಿಯ ತಾಯಿಯ ಅಹವಾಲನ್ನು ಕೇಳುವವರಾರು?

ಆರೋಗ್ಯಕ್ಕಂತೂ ದೇಶವ್ಯಾಪಿಯಾದ ಹಕ್ಕಿನ ಕಾನೂನೇ ಇಲ್ಲ, ಇರುವುದು ನೀತಿ. ರಾಷ್ಟ್ರೀಯ ಉತ್ಪನ್ನದ ಶೇ. 2.5ರಷ್ಟನ್ನು 2025ರೊಳಗೆ ಸರ್ಕಾರಗಳು ಆರೋಗ್ಯಕ್ಕೆ ವೆಚ್ಚ ಮಾಡಬೇಕೆಂದು 2017ರ ರಾಷ್ಟ್ರೀಯ ಆರೋಗ್ಯ ನೀತಿ ಬರೆಯಿತು. ಗಡುವು ಮುಗಿಯಿತು, ಗುರಿ ಮುಟ್ಟಲಿಲ್ಲ. ನೀತಿ ತಪ್ಪಿದ್ದಕ್ಕೆ ಯಾರೂ ಹೊಣೆಯಲ್ಲ.

ಮಲೆನಾಡಿಗೆ ಇದರ ಅರ್ಥ ಗೊತ್ತು. ಮಂಗನ ಕಾಯಿಲೆ 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾಯಿತು. ದರಕು ಗುಡಿಸಲು, ಸೊಪ್ಪು ತರಲು ಕಾಡಿಗೆ ಹೋಗುವ ಕೂಲಿಕಾರರಿಗೇ ಉಣುಗು ಮೊದಲು ಕಚ್ಚುವುದು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ತತ್ತರಿಸಿತು. ಹಳೆಯ ಲಸಿಕೆಯ ಸಾಮರ್ಥ್ಯ ಕುಂದಿ 2022ರಲ್ಲಿ ಅದನ್ನು ನಿಲ್ಲಿಸಿದಾಗ ಬದಲಿ ಲಸಿಕೆ ಸಿದ್ಧವಿರಲಿಲ್ಲ. ಸಾವು ಸುದ್ದಿಯಾದಾಗ ಮಾತ್ರ ತೆರೆಯುವ ಖಜಾನೆಯಿಂದ ಸಾರ್ವಜನಿಕ ಆರೋಗ್ಯ ಉಳಿಯದು. ಸುದ್ದಿಯಿಲ್ಲದ ವರ್ಷಗಳಲ್ಲೂ ಹರಿಯುವ ಹಣ ಬೇಕು.

ಗುಡ್ಡಗಾಡಿನವರಿಗೆ ಕಾಡಿದೆ, ತೋಟವಿದೆ, ಪಡಿತರವೇಕೆ ಎನ್ನುವವರೂ ಇದ್ದಾರೆ. ಭತ್ತದ ಗದ್ದೆಗಳು ವರ್ಷ ವರ್ಷ ಅಡಿಕೆ ತೋಟಗಳಾಗುತ್ತಿವೆ. ಅಡಿಕೆ ಹಣ ತರಬಹುದು, ತೋಟದ ಒಡೆಯನಿಗೆ. ಆಷಾಢದ ಮಳೆಯಲ್ಲಿ ಕೆಲಸವಿಲ್ಲದೆ ಕೂತ ಕೂಲಿಯ ಒಲೆಯ ಮೇಲೆ ಅದು ಬೇಯುವುದಿಲ್ಲ. ಕಳಲೆ, ಕೆಸು, ಅಣಬೆ ಊಟಕ್ಕೆ ರುಚಿ ಹಾಗೂ ಸತ್ವ ಕೊಟ್ಟಾವು, ಅನ್ನದ ಜಾಗ ತುಂಬಲಾರವು. ಊರಲ್ಲಿ ಅಕ್ಕಿ ಬೆಳೆಯುವುದು ಕಡಿಮೆಯಾದಷ್ಟೂ ನ್ಯಾಯಬೆಲೆ ಅಂಗಡಿಯ ಅಕ್ಕಿಯೇ ಆಧಾರ.

ಹಣಕಾಸಿನ ಶಿಸ್ತು ಬೇಡವೇ ಎಂಬುದು ವಿರೋಧಿಗಳ ಕಡೆಯ ಬಾಣ. ಬೇಕು. ಕೊರತೆಗೆ ಮಿತಿ ಹಾಕುವ ವಿತ್ತೀಯ ಹೊಣೆಗಾರಿಕೆ ಅಧಿನಿಯಮವನ್ನು ಕರ್ನಾಟಕ 2002ರಲ್ಲೇ ಮಾಡಿಕೊಂಡಿತು. ಕೊರತೆ ಇದಕ್ಕಿಂತ ಮೇಲೇರಬಾರದು ಎಂದು ಕಾನೂನು ಮಾಡಬಲ್ಲ ಸದನ, ತಟ್ಟೆಯ ಅನ್ನ ಇದಕ್ಕಿಂತ ಕೆಳಗಿಳಿಯಬಾರದು ಎಂದೂ ಕಾನೂನು ಮಾಡಬಲ್ಲದು.

ಅದಕ್ಕೆ ದಾರಿ ಸಂವಿಧಾನದಲ್ಲೇ ಇದೆ. ಯಾವುದೇ ವೆಚ್ಚವನ್ನು ಸಂಚಿತ ನಿಧಿಯ ಮೇಲೆ ಹೊರಿಸಲು ರಾಜ್ಯದ ಶಾಸಕಾಂಗಕ್ಕೆ 202ನೆಯ ವಿಧಿ ಅಧಿಕಾರ ನೀಡುತ್ತದೆ. ಸಂಸತ್ತಿಗೆ 112ನೆಯ ವಿಧಿ. ಪಡಿತರ, ಅಂಗನವಾಡಿ, ಶಾಲೆಯ ಬಿಸಿಯೂಟ ಹಾಗೂ ಪ್ರಾಥಮಿಕ ಆರೋಗ್ಯ ಸೇವೆಗಳ ಕನಿಷ್ಠ ವೆಚ್ಚವನ್ನು ಆ ಸಾಲಿಗೆ ಸೇರಿಸಬೇಕು. ಸೇರಿಸಿದರಷ್ಟೇ ಸಾಲದು; ಚಿಕ್ಕ ಅಂಕಿ ಬರೆದು ಕೈತೊಳೆದುಕೊಳ್ಳದಂತೆ ತಲಾ ಮೊತ್ತವನ್ನೂ, ಬೆಲೆಯೇರಿಕೆಗೆ ತಕ್ಕಂತೆ ಅದು ಏರುವ ಕ್ರಮವನ್ನೂ ಕಾನೂನೇ ನಿಗದಿಪಡಿಸಬೇಕು. ಇದರಿಂದ ಸದನದ ಅಧಿಕಾರ ಕುಗ್ಗುವುದಿಲ್ಲ. ಇಂಥ ವೆಚ್ಚದ ಮೇಲೆ ಚರ್ಚೆಗೆ ಅಡ್ಡಿಯಿಲ್ಲ, ಕಾನೂನಿನ ತಿದ್ದುಪಡಿಗೂ ಅಡ್ಡಿಯಿಲ್ಲ. ಬಡವರ ಅನ್ನ ಕಡಿಯಬೇಕೆನ್ನುವವರು ಅಂಕಿಗಳ ಮರೆಯಲ್ಲಿ ಕಡಿಯದೆ, ತಿದ್ದುಪಡಿ ಮಂಡಿಸಿ, ಎದ್ದುನಿಂತು ಹೇಳಬೇಕಾಗುತ್ತದೆ, ಅಷ್ಟೆ.

ಈ ಬೇಡಿಕೆ ಬೆಂಗಳೂರಿನಲ್ಲಿ ತಾನಾಗಿ ಹುಟ್ಟದು. ಪಡಿತರ ವ್ಯವಸ್ಥೆಯ ಸಾಮಾಜಿಕ ಪರಿಶೋಧನೆಗೆ 2013ರ ಕಾಯ್ದೆಯೇ ಅವಕಾಶ ಕೊಟ್ಟಿದೆ. ಗ್ರಾಮಸ್ಥರು ಗ್ರಾಮಸಭೆಯಲ್ಲಿ ಅದನ್ನು ಒತ್ತಾಯಿಸಲಿ. ವಿದ್ಯಾರ್ಥಿಗಳು ತಮ್ಮ ಊರಿನ ಅಂಗನವಾಡಿ, ಆರೋಗ್ಯ ಕೇಂದ್ರಗಳಿಗೆ ಬರಬೇಕಾದದ್ದೆಷ್ಟು, ಬಂದದ್ದೆಷ್ಟು ಎಂದು ಲೆಕ್ಕ ಬರೆಯಲಿ. ಆ ಲೆಕ್ಕದೊಡನೆ ಗ್ರಾಮಸಭೆಯ ಠರಾವು ಶಾಸಕರ ಕೈ ಸೇರಲಿ. ಸಾಲ ಕೊಟ್ಟವರಿಗೆ ಕೊಟ್ಟ ಮಾತು ತಪ್ಪದ ಸರ್ಕಾರ, ಮತ ಕೊಟ್ಟವರಿಗೆ ಕೊಟ್ಟ ಮಾತನ್ನೂ ಉಳಿಸಿಕೊಳ್ಳಬೇಕು.