ಸೀಳುದುಟಿಯ ಕಾರಣವಿಚಾರ



ಮೇಲ್ದುಟಿಯು ಸೀಳಿದ ಶಿಶುವು ಜನಿಸಿದೊಡನೆ ಅನೇಕ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆಯು, "ಗ್ರಹಣಕಾಲದಲ್ಲಿ ತಾಯಿಯು ಏನನ್ನಾದರೂ ಕೊಯ್ದಳೋ, ಹೆಚ್ಚಿದಳೋ?" ಎಂಬುದು. ಬಾಣಂತಿಯ ಮಂಚದ ಬಳಿಯಲ್ಲಿಯೇ ಈ ವಿಚಾರಣೆಯು ನಡೆಯುವುದುಂಟು. ಹೀಗೆ ಅಪರಾಧಿಯ ಸ್ಥಾನದಲ್ಲಿ ನಿಂತ ಆ ಹೆಣ್ಣುಮಗಳ ಪಕ್ಷವಾಗಿ ಎರಡು ಮಾತುಗಳನ್ನು ಹೇಳುವುದೇ ಈ ಸಲದ ಉದ್ದೇಶವು.

ಕಾರಣವನ್ನು ನಿಶ್ಚಯಿಸಲು ನಮ್ಮ ತಾರ್ಕಿಕರು ಅನ್ವಯ, ವ್ಯತಿರೇಕಗಳೆಂಬ ಎರಡು ಒರೆಗಲ್ಲುಗಳನ್ನು ಇಟ್ಟಿರುವರು. ಯಾವುದಿದ್ದರೆ ಕಾರ್ಯವು ಉಂಟಾಗುವುದೋ, ಯಾವುದಿಲ್ಲದಿದ್ದರೆ ಉಂಟಾಗದೋ, ಅದೇ ಕಾರಣವು. ಗ್ರಹಣವನ್ನು ಈ ಕಲ್ಲಿಗೆ ಉಜ್ಜಿ ನೋಡಿರಿ. ಗ್ರಹಣದಂದು ಈಳಿಗೆಮಣೆಯ ಮುಂದೆ ಕುಳಿತ ಅಸಂಖ್ಯಾತ ಗರ್ಭಿಣಿಯರು ಸರ್ವಾಂಗಸುಂದರವಾದ ಮಕ್ಕಳನ್ನು ಹೆತ್ತಿರುವರು. ಇತ್ತ, ಈ ನಿಷೇಧವನ್ನು ಕೇಳಿಯೇ ಅರಿಯದ ದೇಶಗಳಲ್ಲಿಯೂ ಸೀಳುದುಟಿಯ ಮಕ್ಕಳು ಹುಟ್ಟುವರು. ಲೋಕದಲ್ಲಿ ಸುಮಾರು 700 ಶಿಶುಗಳಿಗೆ ಒಂದರಂತೆ ತುಟಿಯೋ ಅಂಗುಳವೋ ಸೀಳಿರುವುದೆಂದು ಗಣಿಸಿರುವರು. ಎರಡು ಪರೀಕ್ಷೆಗಳಲ್ಲಿಯೂ ಗ್ರಹಣವು ನಿಲ್ಲಲಿಲ್ಲ.

ಹಾಗಾದರೆ ನಿಜವಾದ ಕಾರಣವೇನು? ಮುಖವು ಗರ್ಭದಲ್ಲಿ ಒಂದೇ ಅಚ್ಚಿನಿಂದ ಇಳಿದು ಬರತಕ್ಕದ್ದಲ್ಲ. ಮುಂದೆ ಮೆದುಳಾಗತಕ್ಕ ಭಾಗದ ಅಂಚಿನಿಂದ ಹೊರಟ ಜೀವಕೋಶಗಳು ಮುಖದ ಸ್ಥಾನಕ್ಕೆ ಬಂದು, ಮೊಳಕೆಗಳಂತೆ ಬೆಳೆದು, ಒಂದನ್ನೊಂದು ಕೂಡಿಕೊಳ್ಳುವುವು. 4ರಿಂದ 7ನೆಯ ವಾರದೊಳಗೆ ತುಟಿಯು ಕೂಡುವುದು. ಅಂಗುಳದ ಎರಡು ಪದರಗಳು ಮೊದಲು ನಾಲಗೆಯ ಇಕ್ಕೆಲಗಳಲ್ಲಿ ಕೆಳಮುಖವಾಗಿದ್ದು, ಅನಂತರ ಮೇಲೆದ್ದು, ನಡುವೆ ಸಂಧಿಸುವುವು. ಮುಟ್ಟಿದರಷ್ಟೇ ಸಾಲದು, ಅಂಚಿನ ಕೋಶಗಳ ಪೊರೆಯು ಕಣ್ಮರೆಯಾಗಿ ಎರಡೂ ಒಂದಾಗಬೇಕು. ಬಹುಮಟ್ಟಿಗೆ ಮೂರನೆಯ ತಿಂಗಳೊಳಗೆ ಇದೆಲ್ಲವೂ ಮುಗಿದುಹೋಗುವುದು.

ಈ ಕೂಡಿಕೆಯನ್ನು ಪ್ರಯೋಗಶಾಲೆಯ ಪಂಡಿತರು ಅದೇ ಒರೆಗಲ್ಲುಗಳಿಂದ ಪರೀಕ್ಷಿಸಿರುವರು. ಟಿ.ಜಿ.ಎಫ್. ಬೀಟಾ-3 ಎಂಬುದು ಕೋಶಗಳು ಪರಸ್ಪರ ಕಳುಹಿಸುವ ಒಂದು ಸಂದೇಶದ್ರವ್ಯವು. 1995ರಲ್ಲಿ, ಅದರ ವಂಶವಾಹಿಯನ್ನು ಕೆಡಿಸಿದ ಇಲಿಗಳ ಮರಿಗಳು ಸೀಳಿದ ಅಂಗುಳದೊಡನೆ ಹುಟ್ಟಿದುವು, ಇದು ವ್ಯತಿರೇಕವು. ಕೋಳಿಯ ಅಂಗುಳವಾದರೋ ಸ್ವಭಾವದಿಂದಲೇ ಕೂಡದಿರುವುದು. 1998ರಲ್ಲಿ ಎಲಿಜಬೆತ್ ಹೇ ಮತ್ತು ಸಂಗಡಿಗರು ಕೋಳಿಯ ಪಿಂಡದ ಪದರಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಯಿಸಿ ಅದೇ ದ್ರವ್ಯವನ್ನು ಸೇರಿಸಲು, ಅವು ಕೂಡಿಕೊಂಡುವು, ಇದು ಅನ್ವಯವು. 2002ರಲ್ಲಿ ಐ.ಆರ್.ಎಫ್.-6 ಎಂಬ ಮತ್ತೊಂದು ವಂಶವಾಹಿಯ ದೋಷವು, ಸೀಳುದುಟಿಯು ವಂಶಪರಂಪರೆಯಾಗಿ ಬರುವ ಕೆಲವು ಕುಟುಂಬಗಳಲ್ಲಿ ಕಂಡುಬಂದಿತು.

ಆದರೂ ಬಹುಮಂದಿ ಮಕ್ಕಳಲ್ಲಿ ಕಾರಣವು ಒಂದೇ ಅಲ್ಲ. ಅನೇಕ ವಂಶವಾಹಿಗಳೂ ಬಾಹ್ಯಸಂಗತಿಗಳೂ ಕಲೆತು ಈ ಫಲವುಂಟಾಗುವುದು. ಗರ್ಭಿಣಿಯ ಧೂಮಪಾನವೂ ಅಪಸ್ಮಾರದ ಕೆಲವು ಔಷಧಗಳೂ ಅಪಾಯವನ್ನು ಹೆಚ್ಚಿಸುವುವು. ಔಷಧವನ್ನು ಮಾತ್ರ ತಾನಾಗಿ ನಿಲ್ಲಿಸದೆ ವೈದ್ಯರನ್ನು ಕೇಳತಕ್ಕದ್ದು.

ಇನ್ನು ಶಿಶುವಿನ ಮಾತು. ಅಂಗುಳವು ತೆರೆದಿದ್ದರೆ, ಬಾಯಿಯಲ್ಲಿ ತಡೆಯಬೇಕಾದ ಉಸಿರು ಮೂಗಿಗೆ ನುಗ್ಗಿ, ವರ್ಗಾಕ್ಷರಗಳು ಅನುನಾಸಿಕಗಳಂತೆ ಕೇಳಿಸುವುವು. "ಅಪ್ಪ" ಎಂದರೂ "ಅಮ್ಮ" ಎಂದಂತಾಗುವುದು. ಇದನ್ನು ಬುದ್ಧಿಮಾಂದ್ಯವೆಂದು ಬಗೆದು ಮಗುವನ್ನು ಪಾಠಶಾಲೆಗೆ ಕಳುಹಿಸದಿರುವುದು ಅನ್ಯಾಯವು. ಸಾಮಾನ್ಯವಾಗಿ 3ರಿಂದ 6 ತಿಂಗಳಲ್ಲಿ ತುಟಿಗೂ, ಒಂದು ವರ್ಷದ ಸುಮಾರಿಗೆ ಅಂಗುಳಕ್ಕೂ ಶಸ್ತ್ರಚಿಕಿತ್ಸೆಯನ್ನು ಮಾಡುವರು. ಬಳಿಕ ಬೇಕಾದವರಿಗೆ ಉಚ್ಚಾರಣೆಯ ಶಿಕ್ಷಣವುಂಟು. ಆದುದರಿಂದ ಹಿರಿಯರು ಪಂಚಾಂಗದಲ್ಲಿ ಗ್ರಹಣದ ತಿಥಿಯನ್ನು ಹುಡುಕುವ ಹೊತ್ತಿನಲ್ಲಿ, ಶಸ್ತ್ರವೈದ್ಯರಲ್ಲಿಗೆ ಹೋಗುವ ದಿವಸವನ್ನು ಗೊತ್ತುಮಾಡಲಿ. ಆ ತಾಯಿಯನ್ನು ನೆಮ್ಮದಿಯಿಂದ ಮಗುವಿಗೆ ಹಾಲೂಡಿಸಲು ಬಿಡಲಿ.