ಉತಾರದಲ್ಲಿಲ್ಲದ ಒಡೆಯ

ಮುಂಗಾರು ಸಮೀಪಿಸಿದಂತೆಲ್ಲ ಹುಬ್ಬಳ್ಳಿ-ಧಾರವಾಡದ ಸುತ್ತಣ ಹಳ್ಳಿಗಳಿಗೆ ಬೀಜ-ಗೊಬ್ಬರದ ಮಾರಾಟಗಾರರ ಬೆನ್ನಲ್ಲೇ ಇನ್ನೊಂದು ವರ್ಗದ ಜನರು ಈಗ ಕೆಲವು ವರ್ಷಗಳಿಂದ ಬರತೊಡಗಿದ್ದಾರೆ. ಹೆಬ್ಬೇವಿನ ಸಸಿ ಒದಗಿಸುವವರು, ಶ್ರೀಗಂಧದ ತೋಟ ಮಾಡಿಕೊಡುವವರು, ಬದುವಿನ ಗುಂಟ ಸಾಗವಾನಿ ಹಚ್ಚಿಸಿ ಹದಿನೈದು ವರ್ಷಗಳಾಚೆಯ ಲಾಭವನ್ನು ಇಂದೇ ಕಾಗದದ ಮೇಲೆ ಕೂಡಿಸಿ ತೋರಿಸುವವರು, ಈಚೆಗಂತೂ ಗಿಡಮರಗಳು ಹೀರುವ ಇಂಗಾಲಕ್ಕೆ ಬೆಲೆ ಕೊಡಿಸುವೆವೆಂದು ಕರಾರುಪತ್ರ ಹಿಡಿದು ಬರುವವರು ಈ ವರ್ಗದಲ್ಲಿ ಸೇರಿದ್ದಾರೆ. ಇವರನ್ನೆಲ್ಲ ಒಟ್ಟಾಗಿ ವಂಚಕರೆಂದು ತಳ್ಳಿಹಾಕುವುದು ನ್ಯಾಯವೂ ಅಲ್ಲ, ವಿವೇಕವೂ ಅಲ್ಲ. ಏಕೆಂದರೆ ರೈತನ ಹೊಲದಲ್ಲಿ ಮರ ಬೆಳೆಯಬೇಕೆಂಬುದು ರೈತನಿಗೂ ದೇಶಕ್ಕೂ ಹಿತವಾದ ಮಾತೇ ಆಗಿದ್ದು, ಆ ಕಾರ್ಯಕ್ಕೆ ಬೇಕಾದ ಸಸಿ, ತಿಳಿವಳಿಕೆ ಮತ್ತು ಮಾರುಕಟ್ಟೆಯನ್ನು ಯಾರಾದರೂ ಒದಗಿಸಲೇಬೇಕಾಗಿದೆ. ನನ್ನ ತಕರಾರು ಸರಕಿನ ಮೇಲಲ್ಲ. ಭೂಮಾಲೀಕನನ್ನು ಇವರು ಹುಡುಕುವ ರೀತಿಯ ಮೇಲೆ. ಖಾಸಗಿಯವರಿರಲಿ, ಸರ್ಕಾರವೇ ಇರಲಿ, ಕಾಗದದಲ್ಲಿ ಕಂಡ ಹೆಸರನ್ನು ಹಿಡಿದು ಹೊರಟವರು ನೆಲದ ಮೇಲೆ ಬೇರೆ ಯಾರನ್ನೋ ಕಾಣುತ್ತಾರೆ ಎಂಬ ಒಂದೇ ಕಾರಣದಿಂದ ಈ ಭಾಗದಲ್ಲಿ ಎಷ್ಟೋ ಗಿಡಗಳು ಮರವಾಗದೆ ಹೋಗಿವೆ.

ಹೆಸರು ಸಿಗುವುದೇನೂ ಇಂದು ಕಷ್ಟವಲ್ಲ. 2000ದ ಆಸುಪಾಸಿನಲ್ಲಿ ‘ಭೂಮಿ’ ಯೋಜನೆಯ ಮೂಲಕ ರಾಜ್ಯದ ಸುಮಾರು ಎರಡು ಕೋಟಿ ಪಹಣಿಗಳು ಗಣಕಯಂತ್ರವನ್ನು ಸೇರಿದ ತರುವಾಯ, ಹಳ್ಳಿಯ ಹೆಸರೂ ಸರ್ವೆ ನಂಬರೂ ಗೊತ್ತಿದ್ದ ಯಾವನೇ ಆಗಲಿ ಕುಳಿತಲ್ಲಿಂದಲೇ ಮಾಲೀಕನ ಹೆಸರನ್ನು ಓದಬಲ್ಲನು. ಅಮೆರಿಕದಲ್ಲಿ ಖಾಸಗಿ ಅರಣ್ಯ ಸಲಹೆಗಾರರು ಸ್ಥಳೀಯ ತೆರಿಗೆಯ ದಫ್ತರದಿಂದ ಭೂಮಾಲೀಕರ ಹೆಸರು ಮತ್ತು ಅಂಚೆ ವಿಳಾಸಗಳನ್ನು ಪಡೆದು ಅವರಿಗೆ ಪತ್ರ ಬರೆಯುತ್ತಾರೆ. ಅಲ್ಲಿ ಒಡೆಯ ದೂರದ ಪಟ್ಟಣದಲ್ಲಿದ್ದರೂ ಪತ್ರವು ಅವನನ್ನು ಮುಟ್ಟುತ್ತದೆ. ನಮ್ಮ ಪಹಣಿಯಲ್ಲಿ, ಅಂದರೆ ಈ ಕಡೆಯವರು ಉತಾರವೆಂದು ಕರೆಯುವ ಆ ಹಾಳೆಯಲ್ಲಿ, ಹೆಸರುಂಟು, ವಿಳಾಸವಿಲ್ಲ. ಕ್ಷೇತ್ರವುಂಟು, ಫೋನ್ ನಂಬರಿಲ್ಲ. ಆದಕಾರಣ ಪಟ್ಟಿ ಹಿಡಿದು ಬಂದವನು ಗೊಬ್ಬರದಂಗಡಿಯ ಸಾಹುಕಾರರನ್ನೋ, ಸೊಸೈಟಿಯ ಕಾರ್ಯದರ್ಶಿಯನ್ನೋ, ಪಂಚಾಯಿತಿಯ ಮಾಜಿ ಸದಸ್ಯರನ್ನೋ ಆಶ್ರಯಿಸುತ್ತಾನೆ. ಅವರು ತಮಗೆ ಬೇಕಾದ ನಾಲ್ಕು ಮನೆ ತೋರಿಸುತ್ತಾರೆ. ಆ ನಾಲ್ಕು ಮನೆಗಳೇ ಆ ಊರಿನ ಭೂಮಾಲೀಕರೆಂದು ವರದಿಯಾಗುತ್ತದೆ.

ಒಂದು ಉತಾರವನ್ನು ಕೈಯಲ್ಲಿ ಹಿಡಿದು ನಿಧಾನವಾಗಿ ಓದಿದರೆ ತೊಡಕಿನ ಸ್ವರೂಪ ತಾನಾಗಿ ತಿಳಿಯುತ್ತದೆ. 9ನೆಯ ಅಂಕಣದಲ್ಲಿ ಮಾಲೀಕನ ಹೆಸರಿರುತ್ತದೆ. ಆತ ತೀರಿಕೊಂಡು ಎಷ್ಟೋ ವರ್ಷಗಳಾಗಿರಬಹುದು. ವಾರಸಾ, ಅಂದರೆ ವಾರಸುದಾರರ ಹೆಸರಿನ ದಾಖಲು, ಆಗಿರದೆ ಮೂವರು ಗಂಡುಮಕ್ಕಳು ಬಾಯಿಮಾತಿನಲ್ಲಿ ಹೊಲ ಹಂಚಿಕೊಂಡು, ಒಬ್ಬನು ಊರಲ್ಲಿ, ಒಬ್ಬನು ಹುಬ್ಬಳ್ಳಿಯ ಗ್ಯಾರೇಜಿನಲ್ಲಿ, ಮತ್ತೊಬ್ಬನು ಪುಣೆಯಲ್ಲಿ ಇರಬಹುದು. ಹೆಣ್ಣುಮಕ್ಕಳಿಗೂ ಹಕ್ಕುಂಟೆಂಬುದು ಜಮೀನು ಮಾರುವ ದಿನದ ತನಕ ಯಾರ ನೆನಪಿಗೂ ಬಾರದಿರಬಹುದು. 12ನೆಯ ಅಂಕಣದಲ್ಲಿ ಸಾಗುವಳಿದಾರನ ಹೆಸರು ಇರಬೇಕು. ಅಲ್ಲಿ ಬಹುಮಟ್ಟಿಗೆ ಮಾಲೀಕನ ಹೆಸರೇ ಪುನರುಕ್ತವಾಗಿರುತ್ತದೆ. ವಾಸ್ತವದಲ್ಲಿ ನೇಗಿಲು ಹೂಡುವವನು ಲಾವಣಿ, ಅಂದರೆ ಗೇಣಿ, ಹಿಡಿದ ನೆರೆಹೊಲದವನು. 1974ರ ಭೂಸುಧಾರಣೆ ಗೇಣಿಪದ್ಧತಿಯನ್ನು ಕೊನೆಗಾಣಿಸಿತು ಎಂಬುದು ಎಷ್ಟು ಸತ್ಯವೋ, ಹೊಲ ಉಳುವವನ ಪಾಲಾದೀತೆಂಬ ಭಯದಿಂದಲೇ ಅನಂತರದ ಲಾವಣಿಗಳೆಲ್ಲ ಕಾಗದ ಬಿಟ್ಟು ಬಾಯಿಮಾತಿಗೆ ಇಳಿದುವು ಎಂಬುದೂ ಅಷ್ಟೇ ಸತ್ಯ. 2020ರ ತಿದ್ದುಪಡಿಯಿಂದ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳುವಂತಾದ ಮೇಲೆ, ಹೊಲಕ್ಕೆ ವರ್ಷಕ್ಕೊಮ್ಮೆ ಕಾರಿನಲ್ಲಿ ಬಂದು ಹೋಗುವ ಒಡೆಯರ ಸಂಖ್ಯೆಯೂ ಈ ತೊಡಕಿಗೆ ಕೂಡಿಕೊಂಡಿದೆ.

ಈಗ ಮರದ ಮಾತಿಗೆ ಬರೋಣ. ಹುಬ್ಬಳ್ಳಿಯಲ್ಲಿರುವ ಒಡೆಯನು ಪ್ರಚಾರಕನ ಮಾತಿಗೊಪ್ಪಿ ಬದುವಿನ ಮೇಲೆ ಸಾಗವಾನಿ ಹಚ್ಚಲು ರುಜು ಹಾಕುತ್ತಾನೆ. ಮರ ಬೆಳೆದರೆ ಲಾಭ ಅವನದು. ನೆರಳು ಬೀಳುವ ಮೂರು ಸಾಲು ಜೋಳದ ನಷ್ಟವಾದರೋ ಲಾವಣಿಯವನದು. ಸಸಿಗೆ ನೀರು ಹಾಕಬೇಕಾದವನು ಅವನು, ಸುಗ್ಗಿ ಮುಗಿದು ಹೊಲ ಬಯಲಾದಾಗ ಬೀಡುಬಿಡುವ ಕುರಿಹಿಂಡಿನಿಂದ ಅದನ್ನು ಕಾಯಬೇಕಾದವನೂ ಅವನೇ. ಇಂಥ ಪರಿಸ್ಥಿತಿಯಲ್ಲಿ ಟ್ರ್ಯಾಕ್ಟರ್ ತಿರುಗಿಸುವಾಗ ಒಂದು ಸಸಿ ಚಕ್ರಕ್ಕೆ ಸಿಕ್ಕಿತೆಂದರೆ, ಬೇಸಿಗೆಯಲ್ಲಿ ಬಾಯಿಬಿಟ್ಟ ಎರೆಯ ಬಿರುಕಿನಲ್ಲಿ ಮತ್ತೊಂದು ಒಣಗಿತೆಂದರೆ, ಅದು ಕೇವಲ ಆಕಸ್ಮಿಕವೆಂದು ನಂಬುವುದು ಕಷ್ಟ. ಅವನನ್ನು ದೂಷಿಸಲೂ ನನಗೆ ಮನಸ್ಸಿಲ್ಲ. ಅವನನ್ನು ಯಾರು ಕೇಳಿದ್ದರು?

ಕೇಳದೆ ಗಿಡ ಹಚ್ಚುವ ಉದ್ಯಮಕ್ಕೆ ಅವಿಭಕ್ತ ಧಾರವಾಡ ಜಿಲ್ಲೆಯು ಒಮ್ಮೆ ದೊಡ್ಡ ಪ್ರಮಾಣದಲ್ಲಿಯೇ ಸಾಕ್ಷಿಯಾಗಿದೆ. 1984ರಲ್ಲಿ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೂ 51 ಮತ್ತು 49ರ ಪಾಲುದಾರಿಕೆಯಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಕಂಪನಿಯನ್ನು ಸ್ಥಾಪಿಸಿ, ಧಾರವಾಡ, ಉತ್ತರ ಕನ್ನಡ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ‘ಸಿ’ ಮತ್ತು ‘ಡಿ’ ವರ್ಗದ ಭೂಮಿಯಲ್ಲಿ ನೀಲಗಿರಿ ಬೆಳೆಯಲು ಹೊರಟುವು. ಕಾಗದದಲ್ಲಿ ಆ ಭೂಮಿಯ ಒಡೆತನ ಸರ್ಕಾರದ್ದು. ಆದ್ದರಿಂದ ಸಂಪರ್ಕಿಸಬೇಕಾದ ಮಾಲೀಕನು ಬೇರೆ ಯಾರೂ ಇರಲಿಲ್ಲ. ಆದರೆ ದನ ಮೇಯುತ್ತಿದ್ದುದು, ಸೌದೆ ಸಿಗುತ್ತಿದ್ದುದು, ಹೊಲಕ್ಕೆ ಸೊಪ್ಪು ಬರುತ್ತಿದ್ದುದು ಅಲ್ಲಿಂದಲೇ. ಯಾವ ದಫ್ತರದಲ್ಲಿಯೂ ಹೆಸರಿಲ್ಲದ ಈ ಒಡೆಯರು 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಸೇರಿ, ನೀಲಗಿರಿ ಕಿತ್ತು ತಮಗೆ ಬೇಕಾದ ಗಿಡಗಳನ್ನು ಹಚ್ಚಿದರು. ಧಾರವಾಡದ ಸಮಾಜ ಪರಿವರ್ತನ ಸಮುದಾಯವೂ ಅದರ ಮುಂದಾಳು ಎಸ್. ಆರ್. ಹಿರೇಮಠರೂ ಸಂಘಟಿಸಿದ ಆ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹವು, ಶಿವರಾಮ ಕಾರಂತರೂ ಸೇರಿ ಸುಪ್ರೀಂ ಕೋರ್ಟಿನಲ್ಲಿ ಹೂಡಿದ್ದ ದಾವೆಯೊಡನೆ ಕೂಡಿ, 1991ರಲ್ಲಿ ಆ ಕಂಪನಿಯನ್ನು ಮುಚ್ಚಿಸುವಲ್ಲಿ ಪರ್ಯವಸಾನಗೊಂಡಿತು. ಈ ಘಟನೆಯನ್ನು ಪರಿಸರ ಚಳವಳಿಯ ಅಧ್ಯಾಯವಾಗಿ ಓದುವುದು ರೂಢಿ. ಭೂಮಾಲೀಕರನ್ನು ಹುಡುಕುವ ವ್ಯವಹಾರದಲ್ಲಿರುವವರು ಅದನ್ನು ತಮ್ಮ ಕಸುಬಿನ ಪಾಠವಾಗಿ ಓದಿಕೊಂಡರೆ ಹೆಚ್ಚು ಪ್ರಯೋಜನವಾದೀತು.

ಕೋಲಾರ, ತುಮಕೂರುಗಳ ಕಡೆ ಅದೇ ಕಾಲದಲ್ಲಿ ನಡೆದುದು ಇನ್ನೊಂದು ಬಗೆ. ವಿಶ್ವಬ್ಯಾಂಕಿನ ನೆರವಿನ ಸಾಮಾಜಿಕ ಅರಣ್ಯ ಯೋಜನೆಯ ಸಸಿಗಳು ಅಲ್ಲಿ ಭೂಮಾಲೀಕರನ್ನು ಮುಟ್ಟಿದುವು ನಿಜ; ಆದರೆ ಮುಖ್ಯವಾಗಿ ಒಪ್ಪಿದವರು ಕೂಲಿಯ ಗೋಜು ಬೇಡವೆನ್ನುವ, ಊರಲ್ಲಿರದ ದೊಡ್ಡ ಹಿಡುವಳಿದಾರರು. ರಾಗಿಯ ಹೊಲ ನೀಲಗಿರಿಯಾಯಿತು, ಕೂಲಿಯವರ ದುಡಿಮೆ ತಪ್ಪಿತು. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ನರ್ಸರಿಗೆ ನುಗ್ಗಿ ಸಸಿಗಳನ್ನು ಕಿತ್ತೊಗೆದರು. ಒಂದು ಕಾಲಕ್ಕೆ ತಾನೇ ಹಂಚಿದ ನೀಲಗಿರಿಯನ್ನು ಹೊಸದಾಗಿ ನೆಡಬಾರದೆಂದು ಸರ್ಕಾರವೇ 2017ರಲ್ಲಿ ನಿಷೇಧಿಸಿತು. ಸರ್ಕಾರಿ ಸಸಿಯನ್ನು ರೈತ ಸಂಶಯದಿಂದ ನೋಡುತ್ತಾನೆಂದು ಅಧಿಕಾರಿಗಳು ಬೇಸರಪಡುವಾಗ ಈ ಚರಿತ್ರೆಯನ್ನು ಸ್ವಲ್ಪ ಸ್ಮರಿಸಿಕೊಳ್ಳಬೇಕು.

ಹಾಗೆಂದ ಮಾತ್ರಕ್ಕೆ ಕಾರ್ಖಾನೆಗೂ ರೈತನಿಗೂ ಸಂಬಂಧವೇ ಕೂಡದೆಂದು ಅರ್ಥವಲ್ಲ. 1988ರ ರಾಷ್ಟ್ರೀಯ ಅರಣ್ಯ ನೀತಿಯು, ಅರಣ್ಯಾಧಾರಿತ ಕೈಗಾರಿಕೆಗಳು ತಮಗೆ ಬೇಕಾದ ಕಚ್ಚಾ ಸಾಮಗ್ರಿಯನ್ನು ಬೆಳೆಗಾರರೊಡನೆ ನೇರ ಸಂಬಂಧ ಬೆಳೆಸಿ, ಅವರಿಗೆ ಸಾಲ, ತಾಂತ್ರಿಕ ಸಲಹೆ, ಕಟಾವು ಮತ್ತು ಸಾಗಣೆಯ ನೆರವು ನೀಡಿ ಪಡೆಯಬೇಕೆಂದು ವಿಧಿಸಿತು. ಕಾಡಿನ ಬಿದಿರನ್ನು ನಾಮಮಾತ್ರದ ರಾಜಧನಕ್ಕೆ ಪಡೆದು ಬೆಳೆದ ದಾಂಡೇಲಿಯ ಕಾಗದದ ಕಾರ್ಖಾನೆಯು ರೈತರಿಗೆ ಸುಬಾಬುಲ್, ಗಾಳಿಮರಗಳ ಸಸಿ ಹಂಚುವ ಹಂತಕ್ಕೆ ಬಂದುದು ಈ ಬದಲಾದ ಕಾಲದಲ್ಲಿಯೇ. ಆ ನೀತಿಯ ವಾಕ್ಯದಲ್ಲಿ ‘ಕಟಾವು ಮತ್ತು ಸಾಗಣೆ’ ಎಂಬ ಮಾತಿಗೆ ಸಸಿಯಷ್ಟೇ ಸ್ಥಾನವಿದ್ದುದನ್ನು ಗಮನಿಸಬೇಕು. ಏಕೆಂದರೆ ಇಂದಿನ ಪ್ರಚಾರಪತ್ರಗಳಲ್ಲಿ ಕಾಣೆಯಾಗಿರುವುದು ಅದೇ.

“ಗಿಡಾ ಹಚ್ಚೂದೇನ ದೊಡ್ಡ ಮಾತಲ್ರಿ, ಕಡಿಯೂ ದಿನಾ ಯಾರ್ ಬರ್ತೀರಿ ಅದನ್ನ ಹೇಳ್ರಿ” — ಊರ ಕಟ್ಟೆಯ ಮೇಲೆ ಮೊದಲು ಏಳುವ ಪ್ರಶ್ನೆ ಇದು. ಪ್ರಶ್ನೆ ಸಹಜವಾಗಿಯೇ ಇದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ, ವಿನಾಯಿತಿ ಪಡೆದ ಸುಬಾಬುಲ್, ಗಾಳಿ, ಸಿಲ್ವರ್ ಓಕ್ ಮೊದಲಾದ ಜಾತಿಗಳನ್ನು ಬಿಟ್ಟು ಉಳಿದ ಮರಗಳನ್ನು ತನ್ನ ಹೊಲದಲ್ಲಿಯೇ ಕಡಿಯಲಿಕ್ಕೂ ರೈತನು ವೃಕ್ಷಾಧಿಕಾರಿಯ ಅನುಮತಿ ಪಡೆಯಬೇಕು; ಸಾಗವಾನಿಯನ್ನು ಸಾಗಿಸಲು ರಹದಾರಿ ಬೇಕು. ಶ್ರೀಗಂಧದ ಮರ ಅದು ನಿಂತ ನೆಲದ ಒಡೆಯನದೇ ಎಂದು ಕಾನೂನು ಒಪ್ಪಿಕೊಂಡುದು 2001ರಲ್ಲಿ ಮಾತ್ರ. ಅಷ್ಟಾದರೂ ಅದನ್ನು ಕಳ್ಳರಿಂದ ಕಾಯುವ ಹೊಣೆ ಒಡೆಯನದೇ ಆಗಿ ಉಳಿದಿದೆ. ಇನ್ನು ಮರದ ಹೆಸರಿನಲ್ಲಿ ಹಣ ಎತ್ತಿದವರ ಕಥೆಯನ್ನೂ ಜನ ಮರೆತಿಲ್ಲ. ಚೆನ್ನೈಯ ಅನುಭವ್ ಪ್ಲಾಂಟೇಶನ್ಸ್ ಸಾಗವಾನಿಯ ಆಸೆ ತೋರಿಸಿ ಊರೂರುಗಳಿಂದ ಹಣ ಸಂಗ್ರಹಿಸಿ 1998ರಲ್ಲಿ ಕುಸಿದುಬಿದ್ದಿತು. ಮರುವರ್ಷವೇ ಸೆಬಿ ಇಂತಹ ಯೋಜನೆಗಳಿಗೆ ನಿಯಮಾವಳಿ ತರಬೇಕಾಯಿತು.

ಸರ್ಕಾರದ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯು ಈ ದೃಷ್ಟಿಯಿಂದ ವಾಸಿ. 2011-12ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ರೈತನು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲಿ ಹೆಸರು ನೋಂದಾಯಿಸಿ ರಿಯಾಯಿತಿ ದರದಲ್ಲಿ ಸಸಿ ಒಯ್ಯುತ್ತಾನೆ. ಬದುಕುಳಿದ ಪ್ರತಿ ಸಸಿಗೆ, ಪರಿಷ್ಕೃತ ದರದಂತೆ, ಮೊದಲ ವರ್ಷ 35, ಎರಡನೆಯ ವರ್ಷ 40, ಮೂರನೆಯ ವರ್ಷ 50, ಹೀಗೆ ಒಟ್ಟು 125 ರೂಪಾಯಿ ಪ್ರೋತ್ಸಾಹಧನ, ಹೆಕ್ಟೇರಿಗೆ 400 ಸಸಿಗಳ ಮಿತಿಯಲ್ಲಿ. ನೆಟ್ಟ ಸಸಿಗೆ ಬದಲು ಬದುಕಿದ ಸಸಿಗೆ ಹಣ ಕೊಡುವ ಈ ಕಲ್ಪನೆ ಯಾರದಾಗಿದ್ದರೂ ಅವರು ಅಭಿನಂದನಾರ್ಹರು. ಲೋಪವಿರುವುದು ಮತ್ತೆ ಆ ಹಳೆಯ ಜಾಗದಲ್ಲಿಯೇ: ಅರ್ಜಿಗೆ ಉತಾರ ಬೇಕು, ಹಣ ಉತಾರದವನಿಗೆ ಹೋಗುತ್ತದೆ.

ಇಷ್ಟಾದ ಮೇಲೆ, ನಿಜವಾದ ಒಡೆಯರನ್ನು ಎಲ್ಲಿ, ಎಂದು ಕಾಣಬೇಕೆಂಬ ಪ್ರಶ್ನೆ ಉಳಿಯುತ್ತದೆ. ಪ್ರಚಾರಕರ ವಾಹನಗಳು ಮೇ-ಜೂನ್‌ಗಳಲ್ಲಿ ಬರುತ್ತವೆ. ಆಗ ರೈತನ ಚಿತ್ತವೆಲ್ಲ ಮೋಡದ ಮೇಲೆ, ಬಿತ್ತನೆಯ ಮೇಲೆ. ಶೀಗಿ ಹುಣ್ಣಿವೆಯ ದಿನ ನೋಡಿ, ಎಳ್ಳಮಾವಾಸ್ಯೆಯ ದಿನ ನೋಡಿ: ಹುಬ್ಬಳ್ಳಿಯ ಮಗ, ಬೆಳಗಾವಿಯ ಸೊಸೆ, ಕೊಟ್ಟ ಮನೆಯಿಂದ ಬಂದ ಮಗಳು, ಲಾವಣಿಯವನ ಮನೆಮಂದಿ, ಎಲ್ಲರೂ ಬುತ್ತಿ ಕಟ್ಟಿಕೊಂಡು ಅದೇ ಹೊಲಕ್ಕೆ ಬರುತ್ತಾರೆ, ಬನ್ನಿಯ ಬುಡದಲ್ಲಿ ಐದು ಕಲ್ಲಿಟ್ಟು ಪೂಜಿಸಿ ಚರಗ ಚೆಲ್ಲುತ್ತಾರೆ. ಉತಾರದಲ್ಲಿರುವವರೂ ಇಲ್ಲದವರೂ ಒಂದೆಡೆ ಕೂಡುವ ಸಂದರ್ಭ ವರ್ಷದಲ್ಲಿ ಇದಕ್ಕಿಂತ ಬೇರೆ ಇಲ್ಲ. ಹಬ್ಬದ ಊಟದ ನಡುವೆ ಕರಾರುಪತ್ರ ಬಿಚ್ಚಬೇಕೆಂದು ನಾನು ಹೇಳುತ್ತಿಲ್ಲ (ಅದು ಅಸಭ್ಯತೆಯಾದೀತು). ಆದರೆ ಆ ವಾರದಲ್ಲಿ ಊರಲ್ಲಿ ಮಾತು ತೆಗೆದರೆ, ಬೇಸಿಗೆಗೆ ಗುಂಡಿ ತೋಡಿ, ಮೊದಲ ಹದಮಳೆಗೆ ಸಸಿ ಇಡಲು ಬೇಕಾದಷ್ಟು ವ್ಯವಧಾನ ಎಲ್ಲರಿಗೂ ಸಿಗುತ್ತದೆ. ಕಲಘಟಗಿ, ಅಳ್ನಾವರದ ಮಲೆನಾಡ ಸೆರಗಿನ ಕೆಂಪು ಮಸಾರಿಗೆ ಒಪ್ಪುವ ಸಾಗವಾನಿಯನ್ನು ನವಲಗುಂದ, ಅಣ್ಣಿಗೇರಿಯ ಜಿಗುಟು ಎರೆಗೆ ಮಾರಲು ಹೊರಡುವ ಅವಿವೇಕವೂ ಆ ಮಾತಿನಲ್ಲಿಯೇ ಬಯಲಾಗುತ್ತದೆ. ಬೇವು, ಜಾಲಿ, ಬನ್ನಿಗಳು ಆ ಎರೆಹೊಲದ ಬದುಗಳಲ್ಲಿ ಯಾರೂ ಹಚ್ಚದೆಯೇ ಏಕೆ ನಿಂತಿವೆಯೆಂಬುದನ್ನು ಅಲ್ಲಿಯ ಯಾವ ಮುದುಕನಾದರೂ ವಿವರಿಸಬಲ್ಲನು.

ಫೋನ್ ನಂಬರುಗಳ ವಿಷಯದಲ್ಲಿ ಒಂದು ಮಾತು. ರೈತರ ಹೆಸರು, ಸರ್ವೆ ನಂಬರು, ಬ್ಯಾಂಕು, ಮೊಬೈಲುಗಳು ಸರ್ಕಾರದ ‘ಫ್ರೂಟ್ಸ್’ ತಂತ್ರಾಂಶದಲ್ಲಿ ಒಂದೆಡೆ ಸೇರಿವೆ. ಆ ಭಂಡಾರವನ್ನು ಸಸಿ ಮಾರುವವರಿಗೆ ತೆರೆಯಬೇಕೆಂಬ ವಾದವನ್ನು ನಾನು ಒಪ್ಪಲಾರೆ. 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಅದಕ್ಕೆ ವಿರುದ್ಧ. ಕಾಡಿನ ಬಹುಭಾಗ ಕುಟುಂಬಗಳ ಒಡೆತನದಲ್ಲಿರುವ ಫಿನ್ಲೆಂಡಿನಲ್ಲಿ, ಸಾರ್ವಜನಿಕ ಅರಣ್ಯ ಕೇಂದ್ರವು ಪ್ರತಿಯೊಬ್ಬ ಒಡೆಯನಿಗೂ ಅವನ ಕಾಡಿನ ವಿವರವನ್ನು ಅಂತರ್ಜಾಲದಲ್ಲಿ ತೋರಿಸುತ್ತದೆ. ತನಗೆ ಬೇಕೆನಿಸಿದರೆ ಅವನು ಆ ವಿವರವನ್ನು ಸೇವೆ ನೀಡುವವರೊಡನೆ ಹಂಚಿಕೊಳ್ಳಬಹುದು. ಕರೆಯುವ ಅಧಿಕಾರ ಒಡೆಯನದು. ನಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ‘ನನ್ನ ಹೊಲದಲ್ಲಿ ಮರ ಬೆಳೆಸಲು ಸಲಹೆ ಬೇಕು’ ಎಂದು ಇಚ್ಛೆಯುಳ್ಳವರು ಬರೆಸಬಹುದಾದ ಒಂದು ಪುಸ್ತಕವಿಟ್ಟು, ಅದನ್ನು ವಲಯ ಅರಣ್ಯ ಕಚೇರಿಗೂ ಧಾರವಾಡ ಕೃಷಿ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗಕ್ಕೂ ತಿಂಗಳಿಗೊಮ್ಮೆ ಕಳಿಸಿದರೆ ಸಾಕು. ಅದಕ್ಕೆ ಹೊಸ ಇಲಾಖೆ ಬೇಡ.

ಆ ಪುಸ್ತಕದಲ್ಲಿಯೂ, ಪ್ರೋತ್ಸಾಹ ಯೋಜನೆಯ ಅರ್ಜಿಯಲ್ಲಿಯೂ ಮಾಲೀಕನ ಹೆಸರಿನ ಕೆಳಗೆ ಇನ್ನೊಂದು ಸಾಲು ಇರಬೇಕು: ಸಸಿಯನ್ನು ನೋಡಿಕೊಳ್ಳುವವರ ಹೆಸರು. ಲಾವಣಿಯೇ ಕಾನೂನಿಗೆ ಸಮ್ಮತವಲ್ಲದಿರುವಾಗ ಇದು ಹೇಗೆ ಸಾಧ್ಯವೆಂದು ಕಂದಾಯ ಇಲಾಖೆಯವರು ಕೇಳುವರು. ಈ ಸಾಲಿನಿಂದ ಭೂಮಿಯ ಮೇಲೆ ಯಾವ ಹಕ್ಕೂ ಹುಟ್ಟುವುದಿಲ್ಲವೆಂದು ಅಲ್ಲಿಯೇ ಅಚ್ಚು ಹಾಕಿಸಬಹುದು. ಹೆಸರನ್ನು ಬರೆಯುವವನು ಮಾಲೀಕನೇ ಆದ್ದರಿಂದ ಅವನಿಗೂ ಭಯವಿಲ್ಲ. ಮೊದಲ ವರ್ಷದ 35 ರೂಪಾಯಿಯನ್ನು, ಮಾಲೀಕನ ಒಪ್ಪಿಗೆಯಿದ್ದಲ್ಲಿ, ಆ ಎರಡನೆಯ ಹೆಸರಿನ ಖಾತೆಗೆ ಜಮೆ ಮಾಡುವಂತಾಗಲಿ. ಇಂಗಾಲದ ಕರಾರಿನವರಿಗಂತೂ ಈ ಎರಡನೆಯ ಹೆಸರನ್ನು ಕಡ್ಡಾಯ ಮಾಡಬೇಕು. ದಶಕಗಳ ಅವಧಿಗೆ ಹೊಲವನ್ನು ಕಟ್ಟಿಹಾಕುವ ಪತ್ರಕ್ಕೆ 9ನೆಯ ಅಂಕಣದ ಒಬ್ಬ ವೃದ್ಧನ ಹೆಬ್ಬೆಟ್ಟು ಸಾಲದು, ವಾರಸುದಾರರೆಲ್ಲರ ರುಜುವೂ ಉಳುವವನ ತಿಳಿವಳಿಕೆಯೂ ಬೇಕು, ಪತ್ರವು ಅವರೆಲ್ಲ ಓದಬಲ್ಲ ಕನ್ನಡದಲ್ಲಿರಬೇಕು.